ಮಸೂರ ದಾಟಿದ ಮೇಲೆ ಬೆಳಕಿನ ಸುಳಿ ಏನಾಗುತ್ತದೆ?

ನಿಮ್ಮ ಬೆರಳ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಗೆರೆಗಳು ಬಹುಪಾಲು ಪಕ್ಕಪಕ್ಕದಲ್ಲೇ ಸಲೀಸಾಗಿ ಹರಿದಿರುತ್ತವೆ. ಒಂದು ಜಾಗದಲ್ಲಿ ಮಾತ್ರ ಗೆರೆ ಒಳಗೆ ಹೋಗಿ, ಹೇರ್‌ಪಿನ್ನಿನ ಹಾಗೆ ಬಾಗಿ, ಬಂದ ಕಡೆಗೇ ವಾಪಸು ಹೊರಟಿರುತ್ತದೆ. ಅದರಿಂದ ಸ್ವಲ್ಪ ದೂರದಲ್ಲಿ ಮೂರು ಕಡೆಯ ಗೆರೆಗಳು ಸೇರುವ ಪುಟ್ಟ ತ್ರಿಕೋನ ಕಾಣುತ್ತದೆ. ಹತ್ತೂ ಬೆರಳು ಹೀಗೇ ಇರುವುದಿಲ್ಲ. ಒಂದರಲ್ಲಿ ಸಿಗದಿದ್ದರೆ ಇನ್ನೊಂದನ್ನು ನೋಡಿ.

ಈಗ ಪೆನ್ನಿನ ತುದಿಯನ್ನು ಆ ಬಾಗಿದ ಜಾಗದ ಸುತ್ತ ನಿಧಾನಕ್ಕೆ ಒಂದು ಸುತ್ತು ತನ್ನಿ. ಪ್ರತಿ ಹೆಜ್ಜೆಗೂ ಗೆರೆ ಯಾವ ಕಡೆಗೆ ಮಲಗಿದೆ ಅಂತ ಗಮನಿಸಿ. ಪೆನ್ನು ಪೂರ್ತಿ ಸುತ್ತು ಬಂದಾಗ ಗೆರೆ ಅರ್ಧ ಸುತ್ತು ತಿರುಗಿರುತ್ತದೆ. ತ್ರಿಕೋನದ ಸುತ್ತ ಬಂದರೂ ಅರ್ಧ ಸುತ್ತೇ, ಆದರೆ ಉಲ್ಟಾ ದಿಕ್ಕಿಗೆ. ಮೊದಲನೆಯದಕ್ಕೆ +1/2 ಅಂತ ಬರೆದುಕೊಳ್ಳಿ, ಎರಡನೆಯದಕ್ಕೆ −1/2. ಚರ್ಮವನ್ನು ಎಳೆಯಿರಿ, ಒತ್ತಿರಿ. ಗೆರೆಗಳು ವಕ್ರವಾಗುತ್ತವೆ, ಈ ಸಂಖ್ಯೆ ಬದಲಾಗುವುದಿಲ್ಲ. ಹೀಗೆ ಎಳೆದರೂ ಜಗ್ಗಿದರೂ ಉಳಿಯುವುದನ್ನು ಎಣಿಸುವ ಗಣಿತವೇ ಟೋಪಾಲಜಿ.

ಬೆಳಕಿನಲ್ಲೂ ಇಂಥವೇ ಸುಳಿಗಳಿವೆ. ಕಳೆದ ಕೆಲವು ವರ್ಷಗಳಲ್ಲಿ ಇವುಗಳ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿಬರುತ್ತಿದೆ. ಬೆಳಕಿನ ಗಂಟು, ಬೆಳಕಿನ ಮೋಬಿಯಸ್ ಪಟ್ಟಿ, ಬೆಳಕಿನ ಸ್ಕಿರ್ಮಿಯಾನ್ ಎಂಬ ಬಾಣಗಳ ವಿನ್ಯಾಸ. ಇವು ಟೋಪಾಲಜಿಯ ರಚನೆಗಳು, ಹಾಗಾಗಿ ಗದ್ದಲಕ್ಕೆ, ಅಂದರೆ ದಾರಿಯಲ್ಲಿ ಬೆರೆಯುವ ಅಡಚಣೆಗೆ, ಜಗ್ಗುವುದಿಲ್ಲ, ಮಾಹಿತಿ ಸಾಗಿಸಲು ಹೇಳಿ ಮಾಡಿಸಿದ ಹಾಗಿವೆ ಅನ್ನುವುದು ಆ ಮಾತಿನ ಸಾರ. ಇದರಲ್ಲಿ ನಿಜವಾದ ಮತ್ತು ಬಹಳ ಸುಂದರವಾದ ಭೌತವಿಜ್ಞಾನ ಇದೆ. ಆದರೆ ಏನನ್ನು ಎಣಿಸಿದ್ದೇವೆ, ಯಾವುದರ ಸುತ್ತ ಎಣಿಸಿದ್ದೇವೆ ಎಂದು ಹೇಳದೆ "ಇದಕ್ಕೆ ಟೋಪಾಲಜಿಯ ರಕ್ಷಣೆ ಇದೆ" ಅಂದರೆ ಮಾತು ಅರ್ಧಕ್ಕೇ ನಿಂತ ಹಾಗೆ. ಬೆಳಕನ್ನು ಶಕ್ತಿಶಾಲಿ ಮಸೂರದಿಂದ ಒಂದು ಚುಕ್ಕೆಗೆ ಇಳಿಸಿದಾಗ ಇದು ಎದ್ದು ಕಾಣುತ್ತದೆ. ಅಲ್ಲಿ ಎಣಿಕೆಯನ್ನು ಮೊದಲಿನಿಂದ ಮಾಡಬೇಕು.

ಮೊದಲು ಪೋಲರೈಸೇಷನ್ ವಿಷಯ. ಶಾಲೆಯ ಪುಸ್ತಕದಲ್ಲಿ ಧ್ರುವೀಕರಣ ಅಂತ ಓದಿರುತ್ತೀರಿ. ಬೆಳಕು ಮುಂದಕ್ಕೆ ಸಾಗುವಾಗ ಅದರ ವಿದ್ಯುತ್ ಕ್ಷೇತ್ರ ಅಡ್ಡಡ್ಡಲಾಗಿ ತೂಗಾಡುತ್ತದೆ. ಹಸಿರು ಬೆಳಕಾದರೆ ಸೆಕೆಂಡಿಗೆ ಸುಮಾರು 566 ಲಕ್ಷ ಕೋಟಿ ಸಲ. ಈ ತೂಗಾಟ ಒಂದೇ ಗೆರೆಯಲ್ಲಿರಬಹುದು, ವೃತ್ತವಾಗಿರಬಹುದು. ಸಾಮಾನ್ಯವಾಗಿ ಅದು ದೀರ್ಘವೃತ್ತ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮೊಬೈಲನ್ನು ಮೆಲ್ಲಗೆ ತಿರುಗಿಸಿದರೆ ಹಲವು ಫೋನುಗಳ ಪರದೆ ಒಂದು ಕೋನದಲ್ಲಿ ಕಪ್ಪಾಗುತ್ತದೆ. ಆ ಪರದೆಯ ಬೆಳಕು ಒಂದೇ ಗೆರೆಯಲ್ಲಿ ತೂಗಾಡುತ್ತಿದೆ, ಕನ್ನಡಕ ಆ ಗೆರೆಯನ್ನು ತಡೆಯುತ್ತಿದೆ ಅಂತ ಅರ್ಥ.

ಒಂದು ಕಿರಣದ ಅಡ್ಡಕೊಯ್ತದಲ್ಲಿ ಪ್ರತಿ ಬಿಂದುವಿನಲ್ಲೂ ಇಂಥ ಒಂದೊಂದು ದೀರ್ಘವೃತ್ತ ಇದೆ ಅಂದುಕೊಳ್ಳಿ. ಅವುಗಳ ಉದ್ದನೆಯ ಅಕ್ಷಗಳೇ ಬೆರಳಿನ ಗೆರೆಗಳ ಹಾಗೆ. ಎಲ್ಲೋ ಒಂದು ಕಡೆ ದೀರ್ಘವೃತ್ತ ಸರಿಯಾದ ವೃತ್ತವಾಗಿಬಿಟ್ಟರೆ ಅಲ್ಲಿ ಉದ್ದನೆಯ ಅಕ್ಷ ಅನ್ನುವುದೇ ಇರುವುದಿಲ್ಲ. ಅದೇ ಸುಳಿಯ ನಡು. ಇದಕ್ಕೆ ಸಿ-ಬಿಂದು ಅನ್ನುತ್ತಾರೆ. ಅದರ ಸುತ್ತ ಅಕ್ಷಗಳು ಅರ್ಧ ಸುತ್ತು ತಿರುಗುತ್ತವೆ, ಬೆರಳಿನಲ್ಲಿ ಕಂಡ ಹಾಗೇ. +1/2 ಇರುವ ಒಂದು ಬಗೆಗೆ ಲೆಮನ್, −1/2 ಇರುವುದಕ್ಕೆ ಸ್ಟಾರ್ ಎಂದು ಹೆಸರು. ಅರ್ಧ ಸುತ್ತು ಸಾಧ್ಯವಾಗಲು ಕಾರಣ ಇಷ್ಟೇ: ಅಕ್ಷಕ್ಕೆ ತಲೆ ಬಾಲ ಇಲ್ಲ. ಬಾಣವನ್ನು 180 ಡಿಗ್ರಿ ತಿರುಗಿಸಿದರೆ ಅದು ಬೇರೆ ಬಾಣ. ಗೆರೆಯನ್ನು ತಿರುಗಿಸಿದರೆ ಅದೇ ಗೆರೆ.

ಈ ವಿಷಯಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯರಾದ ಇಂಗ್ಲೆಂಡಿನ ಬ್ರಿಸ್ಟಲ್‌ನ ಜಾನ್ ನೈ ಅವರು ಹಿಮನದಿಗಳ ಭೌತವಿಜ್ಞಾನಿಯಾಗಿದ್ದರು. ಹಿಮದ ಹಾಸಿನ ಆಳ ಅಳೆಯಲು ಕಳಿಸಿದ ರೇಡಿಯೊ ಅಲೆಗಳ ಪ್ರತಿಧ್ವನಿಯನ್ನು ಅರ್ಥ ಮಾಡಿಕೊಳ್ಳಲು ಹೊರಟವರು, 1974ರಲ್ಲಿ ಭೌತವಿಜ್ಞಾನಿ ಮೈಕೆಲ್ ಬೆರ್ರಿ ಜೊತೆ ಸೇರಿ, ಅಲೆಗಳಲ್ಲೂ ಹರಳುಗಳಲ್ಲಿರುವಂಥ ದೋಷಗಳಿವೆ ಎಂದು ತೋರಿಸಿದರು. 1983ರಲ್ಲಿ ನೈ ಅದನ್ನು ಪೋಲರೈಸೇಷನ್‌ಗೆ ವಿಸ್ತರಿಸಿದರು. ಮಂಜುಗಡ್ಡೆಯ ಪ್ರಶ್ನೆಯೊಂದು ಬೆಳಕಿನ ಬಗೆಗಿನ ಹೊಸ ಶಾಖೆಯನ್ನೇ ತೆರೆಯಿತು ಅನ್ನುವುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಇಂಥ ಸುಳಿಗಳಿಗೆ ಲ್ಯಾಬೇ ಬೇಕು ಅಂತಿಲ್ಲ. ತಿಳಿ ಆಕಾಶದಲ್ಲಿ, ಸೂರ್ಯನ ಹತ್ತಿರ ಮತ್ತು ಸೂರ್ಯನಿಗೆ ನೇರ ಎದುರಿನ ದಿಕ್ಕಿನ ಹತ್ತಿರ, ಪೋಲರೈಸೇಷನ್ ಇಲ್ಲವಾಗುವ ಬಿಂದುಗಳಿವೆ. ಅವುಗಳಲ್ಲಿ ಮೊದಲು ಸಿಕ್ಕಿದ್ದನ್ನು ಫ್ರೆಂಚ್ ವಿಜ್ಞಾನಿ ಅರಾಗೊ 1809ರಲ್ಲೇ ಕಂಡಿದ್ದರು. ಅವುಗಳ ಸುತ್ತಲೂ ದಿಕ್ಕು ಅರ್ಧ ಸುತ್ತು ತಿರುಗುತ್ತದೆ.

ಇಲ್ಲಿಯವರೆಗೆ ಎಲ್ಲವೂ ಚಪ್ಪಟೆ. ದೀರ್ಘವೃತ್ತಗಳು ಗೋಡೆಗೆ ಅಂಟಿಸಿದ ಚೀಟಿಗಳ ಹಾಗೆ ಒಂದೇ ತಲದಲ್ಲಿವೆ. ಆದರೆ ಬೆಳಕು ಬರೀ ಅಡ್ಡಕ್ಕೆ ತೂಗಾಡುತ್ತದೆ ಅನ್ನುವುದು ಅಂದಾಜಿನ ಮಾತು. ಮ್ಯಾಕ್ಸ್‌ವೆಲ್ ಸಮೀಕರಣಗಳ ಪ್ರಕಾರ, ಅಗಲಕ್ಕೆ ಒಂದು ಮಿತಿ ಇರುವ ಯಾವುದೇ ಕಿರಣದಲ್ಲೂ, ಸಾಗುವ ದಿಕ್ಕಿನ ಉದ್ದಕ್ಕೂ ತೂಗಾಡುವ ಒಂದು ಪಾಲು ಇದ್ದೇ ಇರುತ್ತದೆ. ಎಷ್ಟು ಅಂದರೆ, ತರಂಗಾಂತರವನ್ನು ಕಿರಣದ ಅಗಲದಿಂದ ಭಾಗಿಸಿ, ಮತ್ತೆ ಸುಮಾರು 6ರಿಂದ ಭಾಗಿಸಿದಷ್ಟು. 1 ಮಿಲಿಮೀಟರ್ ಅಗಲದ ಹಸಿರು ಲೇಸರಿನಲ್ಲಿ ಅದು ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಮರೆತುಬಿಡಬಹುದು, ಮರೆತೂ ಇದ್ದೆವು.

ಸೂಕ್ಷ್ಮದರ್ಶಕದ ಒಳ್ಳೆಯ ಮಸೂರ ಇಟ್ಟಾಗ ಮರೆಯಲು ಆಗುವುದಿಲ್ಲ. ಮಸೂರ ಎಷ್ಟು ಅಗಲದ ಕೋನದಿಂದ ಬೆಳಕನ್ನು ಒಟ್ಟುಮಾಡುತ್ತದೆ ಅನ್ನುವುದಕ್ಕೆ ನ್ಯೂಮರಿಕಲ್ ಅಪರ್ಚರ್ ಎಂಬ ಸಂಖ್ಯೆ ಇದೆ. ಗಾಳಿಯಲ್ಲಿ ಅದು 0.9 ಅಂದರೆ ಅಂಚಿನ ಕಿರಣ 64 ಡಿಗ್ರಿ ಬಾಗಿ ಒಳಗೆ ಬರುತ್ತದೆ. ಕಿರಣ ಬಾಗಿದಾಗ ಅದರ ತೂಗಾಟವೂ ಜೊತೆಗೇ ಬಾಗಬೇಕು, ಯಾಕೆಂದರೆ ಅದು ಕಿರಣಕ್ಕೆ ಲಂಬವಾಗೇ ಇರಬೇಕಲ್ವಾ? ನಡುವಿನಿಂದ ಹೊರಕ್ಕೆ ತೂಗಾಡುತ್ತಿದ್ದ ಕ್ಷೇತ್ರ ಅಂಚಿನಲ್ಲಿ 64 ಡಿಗ್ರಿ ವಾಲಿದರೆ, ಅದರ ಶೇ. 90ರಷ್ಟು ಮಸೂರದ ಅಕ್ಷದ ಉದ್ದಕ್ಕೆ ಬಂದಿರುತ್ತದೆ. ಅಪರ್ಚರ್ 0.1 ಇರುವ ಸಾಧಾರಣ ಮಸೂರದಲ್ಲಿ ಇದು ಶೇ. 10 ಅಷ್ಟೇ. ಈ ಲೆಕ್ಕವನ್ನು ರಿಚರ್ಡ್ಸ್ ಮತ್ತು ವುಲ್ಫ್ 1959ರಲ್ಲೇ ಪೂರ್ತಿಯಾಗಿ ಮಾಡಿಟ್ಟಿದ್ದಾರೆ. ಇವತ್ತಿಗೂ ಎಲ್ಲರೂ ಅದನ್ನೇ ಬಳಸುತ್ತಾರೆ.

ಈಗ ಸುಳಿಗೆ ಏನಾಗುತ್ತದೆ ನೋಡೋಣ. ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಎಲ್ಲಾ ಕಡೆ ನಡುವಿನಿಂದ ಹೊರಕ್ಕೆ ಪೋಲರೈಸ್ ಆದ ಕಿರಣ ತೆಗೆದುಕೊಳ್ಳಿ. ಇದಕ್ಕೆ ರೇಡಿಯಲ್ ಪೋಲರೈಸೇಷನ್ ಅನ್ನುತ್ತಾರೆ. ನಟ್ಟನಡುವೆ ಯಾವ ದಿಕ್ಕನ್ನೂ ಆರಿಸಲು ಆಗುವುದಿಲ್ಲ, ಹಾಗಾಗಿ ಅಲ್ಲಿ ಕತ್ತಲು. ಸುಳಿಯ ಸಂಖ್ಯೆ +1. ತೂಗಾಟ ಎಲ್ಲೆಡೆ ಗೆರೆಯಲ್ಲೇ ಇರುವ ಚಪ್ಪಟೆ ಲೆಕ್ಕದಲ್ಲಿ ಆ ಕತ್ತಲೆ ಕಡ್ಡಾಯ, ಟೋಪಾಲಜಿಯೇ ಅದನ್ನು ಕಾಯುತ್ತಿದೆ ಅಂತ ಹೇಳಬಹುದು. ಇದೇ ಕಿರಣವನ್ನು 0.9 ಮಸೂರದಿಂದ ಫೋಕಸ್ ಮಾಡಿ. ಎದುರುಬದುರು ಅಂಚುಗಳಿಂದ ಬಂದ ಅಡ್ಡ ಪಾಲುಗಳು ನಡುವೆ ಒಂದನ್ನೊಂದು ಅಳಿಸಿಹಾಕುತ್ತವೆ. ಉದ್ದ ಪಾಲುಗಳು ಮಾತ್ರ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕತ್ತಲೆ ಇದ್ದ ಜಾಗವೇ ಎಲ್ಲಕ್ಕಿಂತ ಜಾಸ್ತಿ ಬೆಳಗುತ್ತದೆ! 2003ರಲ್ಲಿ ಜರ್ಮನಿಯ ಎರ್ಲಾಂಗನ್‌ನಲ್ಲಿ ಡಾರ್ನ್, ಕ್ವಾಬಿಸ್ ಮತ್ತು ಲಾಯ್ಕ್ಸ್ ಹೀಗೆ ಮಾಡಿದ ಚುಕ್ಕೆಯನ್ನು ಅಳೆದರು. ಅದರ ವಿಸ್ತೀರ್ಣ ತರಂಗಾಂತರದ ವರ್ಗದ 0.16 ಪಾಲಿತ್ತು. ಒಂದೇ ಗೆರೆಯಲ್ಲಿ ತೂಗಾಡುವ ಮಾಮೂಲಿ ಬೆಳಕಿನಲ್ಲಿ ಅದು 0.26.

ಟೋಪಾಲಜಿ ಇಲ್ಲಿ ಸೋತಿತಾ? ಇಲ್ಲ. ಅಡ್ಡ ಪಾಲನ್ನು ಮಾತ್ರ ಬೇರೆ ಮಾಡಿ ನೋಡಿದರೆ ಅದು ಫೋಕಸ್‌ನ ನಡುವೆಯೂ ಸೊನ್ನೆಯೇ, +1 ಹಾಗೇ ಇದೆ. ಆದರೆ ಕತ್ತಲೆಯನ್ನು ಕಡ್ಡಾಯ ಮಾಡಿದ್ದ ನಿಯಮ ಎರಡು ದಿಕ್ಕುಗಳ ಲೋಕದ್ದು. ಮೂರನೇ ದಿಕ್ಕು ತೆರೆದುಕೊಂಡ ಕೂಡಲೇ ಕ್ಷೇತ್ರಕ್ಕೆ ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತು. ಮಸೂರ ದಾಟುವ ಮೊದಲು ಎಣಿಸಿದ ಸಂಖ್ಯೆಯನ್ನು ಫೋಕಸ್‌ನ ಮೇಲೆ ಸುಮ್ನೆ ಅಂಟಿಸಿದರೆ ಹೀಗೆ ಮೋಸ ಹೋಗುತ್ತೇವೆ.

ಇನ್ನೊಂದು ಕಡೆ, ಈ ಮೂರನೇ ದಿಕ್ಕೇ ಹೊಸ ರಚನೆಗಳಿಗೆ ಜಾಗ ಮಾಡಿಕೊಡುತ್ತದೆ. ಸಿ-ಬಿಂದುವಿನ ಸುತ್ತಲಿನ ದೀರ್ಘವೃತ್ತಗಳು ಈಗ ಗೋಡೆಗೆ ಅಂಟಿಲ್ಲ, ಒಂದೊಂದೂ ಬೇರೆ ಬೇರೆ ಕಡೆಗೆ ವಾಲಿ ನಿಂತಿವೆ. ಸುತ್ತ ಒಂದು ವೃತ್ತ ಎಳೆದು, ಅದರ ಮೇಲಿನ ಪ್ರತಿ ಬಿಂದುವಿನಲ್ಲೂ ಉದ್ದನೆಯ ಅಕ್ಷವನ್ನು ಕಡ್ಡಿಯ ಹಾಗೆ ನಿಲ್ಲಿಸಿ, ಕಡ್ಡಿಗಳನ್ನೆಲ್ಲ ಸೇರಿಸಿದರೆ ಒಂದು ಪಟ್ಟಿ ಆಗುತ್ತದೆ. ಅಕ್ಷ ಅರ್ಧರ್ಧ ಸುತ್ತಿನ ಲೆಕ್ಕದಲ್ಲಿ ತಿರುಗುವುದರಿಂದ ಪಟ್ಟಿಯ ಎರಡು ತುದಿ ಸೇರುವಾಗ ಮೇಲಿನ ಅಂಚು ಕೆಳಗಿನ ಅಂಚಿಗೆ ಬಂದು ಕೂಡುತ್ತದೆ. ಅದೇ ಮೋಬಿಯಸ್ ಪಟ್ಟಿ. ಇಂಥದ್ದು ಬೆಳಕಿನಲ್ಲಿ ಇರಲೇಬೇಕು ಅಂತ ಇಸ್ರೇಲಿನ ಬಾರ್-ಇಲಾನ್ ವಿಶ್ವವಿದ್ಯಾಲಯದ ಐಸಾಕ್ ಫ್ರಾಯಿಂಡ್ ಹಲವು ವರ್ಷ ಒಬ್ಬರೇ ಲೇಖನಗಳ ಮೇಲೆ ಲೇಖನ ಬರೆದು ವಾದಿಸಿದ್ದರು. 2015ರಲ್ಲಿ ಎರ್ಲಾಂಗನ್‌ನ ಮ್ಯಾಕ್ಸ್ ಪ್ಲಾಂಕ್ ಬೆಳಕು ವಿಜ್ಞಾನ ಸಂಸ್ಥೆಯಲ್ಲಿ ಥಾಮಸ್ ಬಾವರ್, ಪೀಟರ್ ಬಾಂಜರ್ ಮತ್ತು ಸಂಗಡಿಗರು ಅದನ್ನು ಅಳೆದೇಬಿಟ್ಟರು. ಒಂದು ಕಿರಣದಲ್ಲಿ ಮೂರು ಅರ್ಧ ತಿರುವುಗಳ ಪಟ್ಟಿ, ಇನ್ನೊಂದರಲ್ಲಿ ಐದು ಅರ್ಧ ತಿರುವುಗಳದ್ದು.

ಮೂರು ಅರ್ಧ ತಿರುವಿನ ಪಟ್ಟಿಯನ್ನು ನೀವೂ ಮಾಡಬಹುದು. ಉದ್ದನೆಯ ಕಾಗದದ ಪಟ್ಟಿಗೆ ಮೂರು ಸಲ ಅರ್ಧರ್ಧ ತಿರುವು ಕೊಟ್ಟು ತುದಿಗಳನ್ನು ಅಂಟಿಸಿ. ಪೆನ್ಸಿಲ್ಲಿನಿಂದ ನಡುವೆ ಗೆರೆ ಎಳೆಯುತ್ತಾ ಹೋದರೆ ಎತ್ತದೆಯೇ ಎರಡೂ ಮುಖ ಮುಗಿದು ಹೊರಟಲ್ಲಿಗೇ ಬರುತ್ತೀರಿ. ಆ ಗೆರೆಯ ಮೇಲೇ ಕತ್ತರಿ ಆಡಿಸಿದರೆ ಪಟ್ಟಿ ಎರಡಾಗುವುದಿಲ್ಲ. ಉದ್ದನೆಯ ಒಂದೇ ಪಟ್ಟಿಯಾಗಿ ತನ್ನಷ್ಟಕ್ಕೇ ಗಂಟು ಬಿದ್ದಿರುತ್ತದೆ. ನಾನು ಮೊದಲ ಸಲ ಮಾಡಿದಾಗ ಎಲ್ಲೋ ತಪ್ಪಾಗಿ ಸಿಕ್ಕಿಕೊಂಡಿದೆ ಅಂದುಕೊಂಡು ಬಿಡಿಸಲು ಹೋಗಿದ್ದೆ. ಅದು ಬಿಡಿಸಲಾಗದ ಗಂಟು. ಬೆಳಕಿನ ಕತ್ತಲೆಯ ಎಳೆಗಳನ್ನು ಇದೇ ಬಗೆಯ ಗಂಟುಗಳಾಗಿ ಕಟ್ಟಿ ತೋರಿಸಿದ್ದು 2010ರಲ್ಲಿ, ಬ್ರಿಸ್ಟಲ್‌ನ ಮಾರ್ಕ್ ಡೆನಿಸ್, ಗ್ಲಾಸ್ಗೋದ ಮೈಲ್ಸ್ ಪ್ಯಾಜೆಟ್ ಮತ್ತು ಜೊತೆಗಾರರು.

ಅಳೆದದ್ದು ಹೇಗೆ ಅನ್ನುವುದು ಈ ಕಥೆಯ ಅತ್ಯಂತ ಕಷ್ಟದ ಭಾಗ, ನನಗೆ ಅತ್ಯಂತ ಇಷ್ಟವಾದದ್ದೂ ಅದೇ. ಫೋಕಸ್‌ನ ಚುಕ್ಕೆ ತರಂಗಾಂತರದಷ್ಟೇ ಚಿಕ್ಕದು. ಅಲ್ಲಿ ಪೋಲರೈಸರ್ ಹಿಡಿದು ನೋಡಲು ಆಗುವುದಿಲ್ಲ. ಹಿಡಿದರೂ ಅದಕ್ಕೆ ಉದ್ದ ಪಾಲು ಕಾಣುವುದಿಲ್ಲ. ಅವರು ಗಾಜಿನ ಮೇಲೆ ತರಂಗಾಂತರಕ್ಕಿಂತ ಎಷ್ಟೋ ಚಿಕ್ಕದಾದ ಚಿನ್ನದ ಒಂದೇ ಒಂದು ಕಣ ಕೂರಿಸಿದರು. ಅದನ್ನು ಫೋಕಸ್‌ನಲ್ಲಿ ಸಾಲು ಸಾಲಾಗಿ ಸರಿಸುತ್ತಾ, ಪ್ರತಿ ಜಾಗದಲ್ಲೂ ಕಣ ಯಾವ ಯಾವ ಕೋನಕ್ಕೆ ಎಷ್ಟು ಬೆಳಕು ಚದುರಿಸಿತು ಎಂದು ಕೆಳಗಿನಿಂದ ಇನ್ನೊಂದು ಮಸೂರದಲ್ಲಿ ದಾಖಲಿಸಿದರು. ಕಣದ ಮೇಲೆ ಬಿದ್ದ ಕ್ಷೇತ್ರ ಅಡ್ಡಕ್ಕಿದ್ದರೆ ಚದುರುವ ಬಗೆ ಒಂದು, ಉದ್ದಕ್ಕಿದ್ದರೆ ಇನ್ನೊಂದು. ಚದುರಿದ ಬೆಳಕು ಮತ್ತು ನೇರ ಹಾದುಬಂದ ಬೆಳಕು ಬೆರೆತ ರೀತಿಯಿಂದ ಮೂರೂ ಪಾಲುಗಳ ಬಲ ಮತ್ತು ಅವುಗಳ ನಡುವಿನ ಹೊಂದಾಣಿಕೆಯನ್ನು ಲೆಕ್ಕ ಹಾಕಿ ಹೊರತೆಗೆದರು. ಆಮೇಲಷ್ಟೇ ಪಟ್ಟಿ ಕಾಣಿಸಿದ್ದು.

ಆ ಕಿರಣಗಳನ್ನು ತಯಾರಿಸಲು ಬಳಸಿದ್ದು ಕ್ಯೂ-ಪ್ಲೇಟ್ ಎಂಬ ದ್ರವಹರಳಿನ ತೆಳು ಹಾಳೆ. 2006ರಲ್ಲಿ ನೇಪಲ್ಸ್‌ನ ಲೊರೆಂಜೊ ಮರೂಚಿ ತಂಡ ಅದನ್ನು ಪರಿಚಯಿಸಿತು. ಅದು ಕೆಲಸ ಮಾಡುವುದು ಪೋಲರೈಸೇಷನ್ ಸುತ್ತಾಡಿ ಬಂದಾಗ ಬೆಳಕಿನ ಅಲೆ ತಾನಾಗಿ ಒಂದಿಷ್ಟು ಹಿಂದೆಮುಂದೆ ಆಗುತ್ತದೆ ಎಂಬ ತತ್ವದ ಮೇಲೆ. ಆ ತತ್ವವನ್ನು 1956ರಲ್ಲಿ ಮೊದಲು ಬರೆದವರು ಎಸ್. ಪಂಚರತ್ನಂ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರಿಗೆ ಆಗ 22 ವರ್ಷ. ಬೆರ್ರಿ 1987ರಲ್ಲಿ ಅದರ ಮಹತ್ವವನ್ನು ಎತ್ತಿ ಹೇಳಿದರು. ಈಗ ಜಗತ್ತೆಲ್ಲ ಅದನ್ನು ಪಂಚರತ್ನಂ-ಬೆರ್ರಿ ಫೇಸ್ ಎಂದೇ ಕರೆಯುತ್ತದೆ.

ಇನ್ನು ಸದ್ಯದ ದೊಡ್ಡ ಮಾತಿಗೆ ಬರೋಣ, ಸ್ಕಿರ್ಮಿಯಾನ್‌ಗೆ. ಒಂದು ಗೋಳದ ಮೇಲೆ ಎಲ್ಲಾ ದಿಕ್ಕುಗಳಿಗೂ ಬಾಣಗಳಿವೆ, ಮುಳ್ಳುಹಂದಿಯ ಹಾಗೆ. ಆ ಬಾಣಗಳನ್ನೆಲ್ಲ ಒಂದು ಹಾಳೆಯ ಮೇಲೆ ಹರಡಿ: ನಡುವಿನದು ಕೆಳಕ್ಕೆ, ಅಂಚಿನವು ಮೇಲಕ್ಕೆ, ಇವೆರಡರ ನಡುವೆ ಬರುವವು ಮೆಲ್ಲಗೆ ವಾಲುತ್ತಾ ಹೋಗುವ ಹಾಗೆ. ಇದೇ ಸ್ಕಿರ್ಮಿಯಾನ್. ಹಾಳೆ ಗೋಳವನ್ನು ಎಷ್ಟು ಸಲ ಸುತ್ತುತ್ತದೆ ಅನ್ನುವುದು ಅದರ ಸಂಖ್ಯೆ. 1960ರ ದಶಕದ ಶುರುವಿನಲ್ಲಿ ಟೋನಿ ಸ್ಕಿರ್ಮ್ ಪರಮಾಣು ಬೀಜದ ಕಣಗಳಿಗಾಗಿ ಈ ಚಿತ್ರ ಕಟ್ಟಿದರು. 2009ರಲ್ಲಿ ಅದು ಅಯಸ್ಕಾಂತಗಳಲ್ಲಿ ಸಿಕ್ಕಿತು. 2018ರಲ್ಲಿ ಇಸ್ರೇಲಿನ ಟೆಕ್ನಿಯಾನ್ ತಂಡ ಚಿನ್ನದ ಹಾಳೆಯ ಮೇಲ್ಮೈಗೆ ಅಂಟಿಕೊಂಡು ಸಾಗುವ ಬೆಳಕಿನಲ್ಲಿ ಸ್ಕಿರ್ಮಿಯಾನ್‌ಗಳ ಸಾಲನ್ನೇ ತೋರಿಸಿತು. 2019ರಲ್ಲಿ ಚೀನಾದ ಶೆನ್‌ಜೆನ್‌ನಿಂದ ಇನ್ನೊಂದು ಬಗೆ ಬಂತು. 2024ರಲ್ಲಿ ದಕ್ಷಿಣ ಆಫ್ರಿಕಾದ ವಿಟ್ಸ್ ವಿಶ್ವವಿದ್ಯಾಲಯದ ತಂಡ ಎರಡು ಹೆಣೆದುಕೊಂಡ (ಒಂದರ ಅಳತೆ ಇನ್ನೊಂದರ ಜೊತೆ ನಂಟಿರುವ) ಫೋಟಾನ್‌ಗಳ, ಅಂದರೆ ಬೆಳಕಿನ ಕಣಗಳ, ನಡುವೆ ಹಂಚಿಹೋದ ಸ್ಕಿರ್ಮಿಯಾನ್ ತೋರಿಸಿತು.

ಬೆಳಕಿನ ಈ ಮೂರಕ್ಕೂ ಹೆಸರು ಒಂದೇ, ಎಣಿಸಿದ್ದು ಬೇರೆ ಬೇರೆ. ಟೆಕ್ನಿಯಾನ್ ತಂಡ ಎಣಿಸಿದ್ದು ಆ ಕ್ಷಣದ ವಿದ್ಯುತ್ ಕ್ಷೇತ್ರದ ಬಾಣವನ್ನು. ಅದು ಅರ್ಧ ಆವರ್ತಕ್ಕೊಮ್ಮೆ ಹಿಂದುಮುಂದಾಗುತ್ತದೆ, ಜೊತೆಗೆ ಸ್ಕಿರ್ಮಿಯಾನ್ ಸಂಖ್ಯೆಯ ಚಿಹ್ನೆಯೂ. ಶೆನ್‌ಜೆನ್‌ನವರು ಎಣಿಸಿದ್ದು ಬೆಳಕಿನ ಸ್ಪಿನ್ ಬಾಣವನ್ನು, ಅಂದರೆ ಕ್ಷೇತ್ರ ಯಾವ ಅಕ್ಷದ ಸುತ್ತ ತಿರುಗುತ್ತಿದೆ ಎಂದು ತೋರಿಸುವ ಬಾಣವನ್ನು. ಅದು ಹಾಗೆ ಹೊಯ್ದಾಡುವುದಿಲ್ಲ. ಮೂರನೆಯದರಲ್ಲಿ ಬಾಣ ನಿಜವಾದ ಜಾಗದಲ್ಲಿ ಎಲ್ಲೂ ಇಲ್ಲ. ಒಂದು ಫೋಟಾನಿನ ಜಾಗಕ್ಕೂ ಇನ್ನೊಂದರ ಪೋಲರೈಸೇಷನ್‌ಗೂ ಇರುವ ನಂಟನ್ನು ಗೋಳದ ಮೇಲೆ ಗುರುತಿಸಿದ್ದು ಅದು. ಒಂದರ ಬಗ್ಗೆ ಸಾಬೀತಾದದ್ದನ್ನು ಇನ್ನೊಂದಕ್ಕೂ ಹಚ್ಚಿ ಬರೆಯುವ ಸುದ್ದಿಗಳನ್ನು ಓದುವಾಗ ನನಗೆ ಬೇಜಾರಾಗುತ್ತದೆ. ಸಂಶೋಧಕರು ಇಷ್ಟು ಜೋಪಾನವಾಗಿ ಬೇರೆ ಮಾಡಿಟ್ಟದ್ದನ್ನು ನಾವು ಮತ್ತೆ ಕಲಸಿಬಿಡುತ್ತೇವೆ.

ರಕ್ಷಣೆಯ ಮಾತಿಗೂ ಇದೇ ತೊಂದರೆ. ಅಯಸ್ಕಾಂತದಲ್ಲಿ ಸ್ಕಿರ್ಮಿಯಾನ್ ಅಳಿಸಲು ಶಕ್ತಿಯ ಒಂದು ದಿಬ್ಬ ಹತ್ತಬೇಕು. ಆ ದಿಬ್ಬವೇ ಅದನ್ನು ಕಾಯುತ್ತದೆ. ಖಾಲಿ ಜಾಗದಲ್ಲಿ ಸಾಗುವ ಬೆಳಕಿಗೆ ಅಂಥ ದಿಬ್ಬ ಯಾವುದೂ ಇಲ್ಲ. ಅಲೆಗಳು ಒಂದರ ಮೇಲೊಂದು ಸುಮ್ನೆ ಕೂಡಿಕೊಳ್ಳುತ್ತವೆ. ಹಾಗಂತ ರಕ್ಷಣೆ ಪೂರ್ತಿ ಸುಳ್ಳೂ ಅಲ್ಲ. ಪೋಲರೈಸ್ ಆಗಿರದ ಬೆಳಕು ಎಲ್ಲಾ ಕಡೆ ಒಂದೇ ಸಮ ಬೆರೆತರೆ ಬಾಣಗಳು ಕುಗ್ಗುತ್ತವೆ, ದಿಕ್ಕು ಬದಲಿಸುವುದಿಲ್ಲ. ದಿಕ್ಕು ಉಳಿದರೆ ಸುತ್ತುಗಳ ಸಂಖ್ಯೆಯೂ ಉಳಿಯುತ್ತದೆ. ಇಂಥ ಗದ್ದಲದ ಎದುರು ಆ ಸಂಖ್ಯೆ ನಿಜಕ್ಕೂ ಗಟ್ಟಿ. ಆದರೆ ಅಂಚಿನಲ್ಲಿ ಬೆಳಕು ಕ್ಷೀಣಿಸಿ ಬಾಣವೇ ಕಾಣದಾದರೆ, ಹಾಳೆ ಗೋಳವನ್ನು ಪೂರ್ತಿ ಮುಚ್ಚಿದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಅಳತೆಯಲ್ಲಿ 1ರ ಬದಲು ಒಂದು ಭಿನ್ನರಾಶಿ ಬರುತ್ತದೆ.

ರೇಡಿಯಲ್ ಕಿರಣದ +1 ಸುಳಿಯನ್ನೇ ನೋಡಿ. ಅದರ ಜೊತೆ ಬೇರೆ ಫೇಸಿನ, ಅಂದರೆ ಅಲೆ ಕೊಂಚ ಹಿಂದೆಮುಂದೆ ಇರುವ, ಒಂದಿಷ್ಟು ಬೆಳಕು ಬೆರೆತರೂ ಸಾಕು, ನಡುವಿನ ಆ ಒಂದು ಬಿಂದು ಒಡೆದು ಎರಡು +1/2 ಸಿ-ಬಿಂದುಗಳಾಗುತ್ತದೆ. ಎರಡನ್ನೂ ಒಳಗೆ ಹಾಕಿಕೊಂಡು ಸುತ್ತು ಬಂದರೆ ಉತ್ತರ +1. ಒಂದರ ಸುತ್ತ ಮಾತ್ರ ಬಂದರೆ ಅರ್ಧ. ಉಳಿದದ್ದು ಮೊತ್ತ, ಆಕಾರ ಉಳಿಯಲಿಲ್ಲ. ಮಾಹಿತಿಯನ್ನು ಮೊತ್ತದಲ್ಲಿ ಬರೆದಿದ್ದರೆ ಓದಬಹುದು, ಆಕಾರದಲ್ಲಿ ಬರೆದಿದ್ದರೆ ಕಳೆದುಕೊಂಡ ಹಾಗೇ.

ಇದು ಯಾವುದೋ ಮುಂದಿನ ಕಾಲದ ಚರ್ಚೆ ಅನ್ನಿಸಬಹುದು. ಹಾಗಿಲ್ಲ. ಸ್ಟೆಫಾನ್ ಹೆಲ್ ಮತ್ತು ಯಾನ್ ವಿಖ್‌ಮನ್ 1994ರಲ್ಲಿ ಸೂಚಿಸಿದ ಸ್ಟೆಡ್ ಸೂಕ್ಷ್ಮದರ್ಶಕವನ್ನು ಜೀವಕೋಶ ನೋಡುವವರು ದಿನವೂ ಬಳಸುತ್ತಾರೆ. ಹೆಲ್ ಅವರಿಗೆ 2014ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದೂ ಈ ಕೆಲಸಕ್ಕೇ. ಅದರಲ್ಲಿ ಒಂದು ಲೇಸರ್ ಅಣುಗಳನ್ನು ಹೊಳೆಯುವಂತೆ ಮಾಡುತ್ತದೆ. ನಡುವೆ ತೂತಿರುವ ಬಳೆಯಂಥ ಇನ್ನೊಂದು ಲೇಸರ್ ಸುತ್ತಲಿನ ಅಣುಗಳನ್ನು ಆರಿಸುತ್ತದೆ. ತೂತಿನಲ್ಲಿರುವುದು ಮಾತ್ರ ಹೊಳೆಯುತ್ತದೆ, ಚಿತ್ರ ಚೂಪಾಗುತ್ತದೆ. ಬಳೆಯನ್ನು ಮಾಡುವುದು ಅಲೆಯನ್ನು ಸುರುಳಿಯಾಗಿ ತಿರುಚುವ ಒಂದು ಗಾಜಿನ ಬಿಲ್ಲೆ. ಬೆಳಕು ವೃತ್ತಾಕಾರದಲ್ಲಿ ಪೋಲರೈಸ್ ಆಗಿರಬೇಕು, ಅದೂ ಸುರುಳಿ ತಿರುಗುವ ಕಡೆಗೇ. ಆಗ ಫೋಕಸ್‌ನ ನಡುವೆ ಮೂರೂ ಪಾಲು ಸೊನ್ನೆ. ಉಲ್ಟಾ ಕಡೆಗೆ ತಿರುಗಿದರೆ ಅಡ್ಡ ಪಾಲು ಸೊನ್ನೆಯಾಗೇ ಇರುತ್ತದೆ, ಆದರೆ ಉದ್ದ ಪಾಲು ಬಂದು ತೂತನ್ನು ತುಂಬುತ್ತದೆ. ನೋಡಬೇಕೆಂದಿದ್ದ ಅಣುಗಳೇ ಆರಿಹೋಗುತ್ತವೆ.

ಹಾಗಾಗಿ ಯಂತ್ರ ಹೊಂದಿಸುವವರು ಮೊದಲು ಗಾಜಿನ ಮೇಲೆ ಚಿನ್ನದ ಒಂದು ಪುಟ್ಟ ಕಣ ಇಟ್ಟು, ಅದನ್ನು ಫೋಕಸ್‌ನಲ್ಲಿ ಸರಿಸುತ್ತಾ ಬಳೆಯ ಚಿತ್ರ ತೆಗೆಯುತ್ತಾರೆ. ನಡು ಮಬ್ಬಾಗಿ ಬೆಳಗುತ್ತಿದ್ದರೆ ಕಿರಣದ ದಾರಿಯಲ್ಲಿರುವ, ಗೆರೆಯ ತೂಗಾಟವನ್ನು ವೃತ್ತವಾಗಿಸುವ ಕ್ವಾರ್ಟರ್-ವೇವ್ ಪ್ಲೇಟನ್ನು 90 ಡಿಗ್ರಿ ತಿರುಗಿಸಿ, ವೃತ್ತದ ಸುತ್ತನ್ನು ಉಲ್ಟಾ ಮಾಡಿ ಮತ್ತೆ ನೋಡುತ್ತಾರೆ.